ಇದ್ದಿಲು, ಮೊಳೆ ಮತ್ತು ಬೋಳುಕುತ್ತಿಗೆಯ ಕೋಳಿ

ಲ್ಯಾಬಿನ ಹಳೆಯ ಇನ್‌ಕ್ಯುಬೇಟರನ್ನು ಗುಜರಿಗೆ ಹಾಕಲೆಂದು ಸರಿಸಿದಾಗ ಅದರ ಹಿಂದೆ ಒಂದು ಇದ್ದಿಲ ತುಂಡೂ ಒಂದು ಬಗ್ಗಿದ ಮೊಳೆಯೂ ಬಿದ್ದಿದ್ದವು. ಜೊತೆಗೆ ಚಿಟಿಕೆಯಷ್ಟು ಭತ್ತದ ಹೊಟ್ಟು. ಕಸ ಗುಡಿಸಲು ಬಂದವರನ್ನು ತಡೆದು ಎರಡನ್ನೂ ಎತ್ತಿಕೊಂಡೆ. ಅಂದಿನಿಂದ ಅವು ಮೇಜಿನಿಂದ ಡ್ರಾಯರಿಗೆ, ಡ್ರಾಯರಿನಿಂದ ನನ್ನ ಕೈಚೀಲಕ್ಕೆ, ಮತ್ತೆ ಮೇಜಿಗೆ ಓಡಾಡುತ್ತಿವೆ. ಎಲ್ಲಿಟ್ಟರೂ ನನಗೆ ಸಮಾಧಾನವಿಲ್ಲ.

ಅವು ಉಡುತಡಿಯ ಅಕ್ಕ ಕೊಟ್ಟಿದ್ದವು. ಅಕ್ಕ ಎಂದರೆ ನೆಂಟರವಳಲ್ಲ, ನಾನು ಇದೇ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಮೊಟ್ಟೆ ಕೊಡುತ್ತಿದ್ದವಳು. ಮೊಟ್ಟೆಯೊಳಗಿನ ಭ್ರೂಣದಲ್ಲಿ ಹೃದಯ ಮೊದಲು ನೆಟ್ಟಗಿನ ಕೊಳವೆಯಾಗಿರುತ್ತದೆ, ಆಮೇಲೆ ಬಲಕ್ಕೆ ಬಾಗುತ್ತದೆ. ಬಲಕ್ಕೇ ಏಕೆ, ಯಾವ ಜೀವಕೋಶ ಪಕ್ಕದ ಕೋಶಕ್ಕೆ ಏನು ಸಂಕೇತ ಕಳಿಸುತ್ತದೆ ಎಂಬುದು ನನ್ನ ವಿಷಯ. ಅಂಗಡಿಯ ಫಾರಂ ಮೊಟ್ಟೆ ಇದಕ್ಕೆ ಆಗದು, ಆ ಕೋಳಿಗಳು ಹುಂಜದ ಮುಖವನ್ನೇ ಕಂಡಿರುವುದಿಲ್ಲ. ಹಾಗಾಗಿ ಸೊರಬದ ಮನೆಗೆ ಹೋಗಿ ಬರುವಾಗಲೆಲ್ಲ ಅಕ್ಕ ಉಡುತಡಿಯ ಕ್ರಾಸಿಗೆ ಬಂದು, ಬಸ್ಸಿನ ಕಿಟಕಿಯಿಂದಲೇ ರಟ್ಟಿನ ಪೆಟ್ಟಿಗೆಯನ್ನು ಕೈಗಿಡುತ್ತಿದ್ದಳು. ಹೊಟ್ಟಿನೊಳಗೆ ಹನ್ನೆರಡು ಮೊಟ್ಟೆ, ಚೂಪು ತುದಿ ಕೆಳಗೆ. ಮಧ್ಯದಲ್ಲಿ ಒಂದು ಇದ್ದಿಲು, ಒಂದು ಮೊಳೆ. ಗುಡುಗಿದರೆ ಕಾವಿಗಿಟ್ಟ ಮೊಟ್ಟೆ ಕೆಡದಿರಲಿ ಎಂದು.

ಅವಳ ಕೋಳಿಗಳು ಬೋಳುಕುತ್ತಿಗೆಯವು. ನೋಡಲು ಅಂದವೇನಿಲ್ಲ, ಅರ್ಧ ಪುಕ್ಕ ಕಿತ್ತು ಬಿಟ್ಟಂತೆ. ಮದುವೆಯಾಗಿ ಬರುವಾಗ ಅವಳವ್ವ ಮಡಿಲಿಗೆ ಹಾಕಿದ ಹೇಂಟೆಯ ವಂಶವಂತೆ. ಆ ಮಾತು ಹೇಳುವಾಗ ಅವಳ ಮುಖ ನೋಡಬೇಕಿತ್ತು...

ತಿಂಗಳಾಗುತ್ತಲೇ ಒಂದು ಸಲ ಕೇಳಿದಳು, "ಎಷ್ಟು ಮರಿ ಆದ್ವು ತಂಗಿ?"

ಮೂರನೇ ದಿನಕ್ಕೆ ಒಡೆದು ನೋಡುತ್ತೇವೆ, ಮರಿಯಾಗುವುದೇ ಇಲ್ಲ ಎಂದು ಹೇಳಬೇಕಿತ್ತು. ಕಂಡಕ್ಟರ್ ಸೀಟಿ ಊದಿಬಿಟ್ಟಿದ್ದ. ಹೇಳಿದರೆ ಮುಂದಿನ ವಾರ ಮೊಟ್ಟೆ ಸಿಗದು ಎಂಬ ಹೆದರಿಕೆಯೂ ಇತ್ತು. "ಎಂಟು ಅಕ್ಕಾ" ಎಂದೆ. ಬಸ್ಸು ಹೊರಟಿತು. ಆಮೇಲೆ ಆ ಎಂಟಕ್ಕೆ ಪ್ರತಿ ಸಲವೂ ಕೂಡಿಸುತ್ತ ಹೋಗಬೇಕಾಯಿತು. ಏನು ತಿನ್ನಿಸುತ್ತೀ ಎಂದರೆ ರಾಗಿ ನುಚ್ಚು. ಇದ್ದಿಲು ಹಾಗೇ ಇಟ್ಟಿದ್ದೀಯಾ ಎಂದರೆ ಹೌದು. ಇದ್ದಿಲು ಕಸದ ಬುಟ್ಟಿ ಸೇರುತ್ತಿತ್ತು. ಒಂದು ಪ್ರಯೋಗಕ್ಕೆ ಹತ್ತು ಸಲ ಪುರಾವೆ ಕೇಳುವ ಲ್ಯಾಬಿನಲ್ಲಿ ಕೂತು ಇಷ್ಟೆಲ್ಲ ಸುಳ್ಳು ಕಟ್ಟುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಆ ಸೀಮೆಗೆಲ್ಲ ಕೊಕ್ಕರೆ ರೋಗ ಬಂತು. ಕೋಳಿಗಳು ಕುತ್ತಿಗೆ ತಿರುಚಿಕೊಂಡು ಸಾಯುತ್ತಿದ್ದವು. ಕ್ರಾಸಿನಲ್ಲಿ ಅಕ್ಕ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದಳು. "ಒಂದೇ ಹೇಂಟೆ ಉಳದೈತಿ, ಅದೂ ಇವತ್ತೋ ನಾಳೆನೋ. ಮನೀಗೆ ಒಂದೂ ಇಟ್ಕಂಡಿಲ್ಲ, ಎಲ್ಲಾ ನಿಂಗೇ ತಂದೀನಿ. ನಿಮ್ಮಲ್ಲಾದ್ರೂ ಬದುಕ್ಲಿ."

ಆಗಲಾದರೂ ಬಾಯಿ ಬಿಡಬಹುದಿತ್ತು. ನನ್ನ ಪ್ರಬಂಧಕ್ಕೆ ಇನ್ನು ಹನ್ನೊಂದು ಭ್ರೂಣ ಬೇಕಿತ್ತು. ಪೆಟ್ಟಿಗೆಯಲ್ಲಿ ಹನ್ನೆರಡಿದ್ದವು. ಕೈ ಚಾಚಿ ತೆಗೆದುಕೊಂಡೆ.

ಅಂದು ಸಂಜೆ ಲ್ಯಾಬಿನ ಹೊರಗೆ ಗುಡುಗಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇದ್ದಿಲು, ಮೊಳೆಯನ್ನು ಇನ್‌ಕ್ಯುಬೇಟರಿನ ಮೇಲಿಟ್ಟೆ. ಹಿಂದಕ್ಕೆ ಬಿದ್ದದ್ದು ಯಾವಾಗಲೋ... ಮೂರು ದಿನ ಆ ಹನ್ನೆರಡನ್ನೂ ಗುಡುಗಿನಿಂದ ಕಾಪಾಡಿ, ಮೂರನೆಯ ದಿನ ಒಂದೊಂದಾಗಿ ನಾನೇ ಒಡೆದೆ.

ತಿಂಗಳು ಕಳೆದ ಮೇಲೆ ಅಕ್ಕ ದಾರಿ ಕೇಳಿಕೊಂಡು ಕೇಳಿಕೊಂಡು ಲ್ಯಾಬಿಗೇ ಬಂದಳು. ಕಂಕುಳಲ್ಲಿ ಬಿದಿರಿನ ಬುಟ್ಟಿ, ಒಳಗೆ ಹುಲ್ಲು ಹಾಸಿದ್ದಳು. "ಒಂದು ಹುಂಜ, ಎರಡು ಹೇಂಟೆ ಕೊಡು ಸಾಕು ತಂಗಿ. ಉಳಿದವು ನಿಂಗೇ ಇರ್ಲಿ."

ಭ್ರೂಣಗಳನ್ನು ಅಂಟಿಸಿಟ್ಟ ಸ್ಲೈಡಿನ ಪೆಟ್ಟಿಗೆ ತಂದು, ಒಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, "ಇವೇ ಅಕ್ಕಾ" ಎಂದೆ. ಅವಳು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು. ಕಾವು ಕೆಟ್ಟ ಎಷ್ಟು ಮೊಟ್ಟೆಗಳನ್ನು ಒಡೆದು ನೋಡಿದ್ದಳೋ, ವಿವರಿಸಬೇಕಾಗಲಿಲ್ಲ.

"ಮೂರು ದಿನದ್ದೇನು?"

"ಹೂಂ."

"ಮುಂದ?"

"ಮುಂದೆ ಬಿಡಲ್ಲ ಅಕ್ಕಾ. ಯಾವುದನ್ನೂ ಬಿಟ್ಟಿಲ್ಲ."

ಅವಳು ಬುಟ್ಟಿಯ ಹುಲ್ಲನ್ನು ಸರಿಮಾಡುತ್ತ ನಿಂತಳು. "ಬಂದಳಿಕೆಯಾಗೆ ನನ್ ತಂಗಿ ಮನೇಲಿ ಕಾವಿಗೆ ಕೂತ ಹೇಂಟೆ ಇತ್ತು. ಅಲ್ಲಿ ರೋಗ ಬಂದಿರ್ಲಿಲ್ಲ. ಒಂದು ಮಾತು ಹೇಳಿದ್ರೆ ಅದ್ರ ಕೆಳಗೆ ಇಡ್ತಿದ್ದೆ" ಎಂದಳು. ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದರೆ ಬೇಡವೆಂದಳು. ನನ್ನ ಕೆಲಸ ನೋಡಿಕೊಳ್ಳಬೇಕಂತೆ.

ಪ್ರಬಂಧ ಮುಗಿಯಿತು, ಪದವಿ ಬಂತು. ಸೊರಬದ ಬಸ್ಸು ಆ ಕ್ರಾಸಿನಲ್ಲಿ ನಿಂತಾಗಲೆಲ್ಲ ನಾನು ಮೊಬೈಲ್ ನೋಡುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ. ಇದ್ದಿಲು ಸಿಕ್ಕ ಮೇಲೆ ತಡೆಯಲಾರದೆ ಮೊನ್ನೆ ಇಳಿದೇಬಿಟ್ಟೆ. ಅಕ್ಕನ ಮನೆ ಕೇಳಿಕೊಂಡು ಹೋದರೆ ಅವಳ ಸೊಸೆ ಇದ್ದಳು. "ನಮ್ಮತ್ತಿ ಹೋಗಿ ಎರಡು ವರ್ಷ ಆತ್ರೀ" ಎಂದಳು. ಕೋಳಿಗಳನ್ನು ಕೇಳಿದೆ. ಆ ರೋಗದ ವರ್ಷದ ನಂತರ ಸಾಕಲೇ ಇಲ್ಲವಂತೆ. ಜಗಲಿಯ ಮೂಲೆಯಲ್ಲಿ ಅದೇ ಬಿದಿರಿನ ಬುಟ್ಟಿ, ಈರುಳ್ಳಿ ತುಂಬಿಕೊಂಡು ಕೂತಿತ್ತು. ನಾನು ಯಾರೆಂದು ಅವಳು ಕೇಳಿದಾಗ, ಮೊಟ್ಟೆ ಕೊಳ್ಳುತ್ತಿದ್ದವಳು ಎಂದಷ್ಟೇ ಹೇಳಿ ಬಂದೆ.

ರೋಗದ ಮೇಲೆ ಹಾಕಿ ಕೈತೊಳೆದುಕೊಳ್ಳಲು ಇಷ್ಟು ವರ್ಷ ನೋಡಿದೆ, ಆಗಲಿಲ್ಲ. ಅಕ್ಕನ ಕೋಳಿಯ ವಂಶ ಮುಗಿದದ್ದು ನನ್ನ ಕೈಯಲ್ಲಿ. ಈಗ ಅದು ಇರುವುದು ನನ್ನ ಸ್ಲೈಡಿನ ಪೆಟ್ಟಿಗೆಯಲ್ಲಿ ಮಾತ್ರ. ಎಲ್ಲಕ್ಕೂ ನನ್ನ ಅಕ್ಷರದ ಚೀಟಿ ಅಂಟಿಸಿದೆ, ಒಂದಕ್ಕೂ ಮೂರು ದಿನ ದಾಟಿಲ್ಲ. ಇಂದು ಬೆಳಿಗ್ಗೆ ಇದ್ದಿಲನ್ನೂ ಮೊಳೆಯನ್ನೂ ಅದರೊಳಗೇ ಇಟ್ಟೆ. ಮುಚ್ಚಳ ಸರಿಯಾಗಿ ಕೂರುತ್ತಿಲ್ಲ. ಗುಡುಗು ಬಂದರೆ ಇನ್ನು ಕೆಡುವುದೇನೂ ಇಲ್ಲವೆಂದು ಗೊತ್ತು, ಆದರೂ ತೆಗೆಯಲು ಕೈ ಬರುತ್ತಿಲ್ಲ.