ಸೌತ್‌ಲೇಕ್‌ನಲ್ಲಿ ಮಾಟಗಾತಿಗೆ ಬಿಡುಗಡೆ

ನಿಧಿ ಮಾತು ಮರೆಯಬಹುದಿತ್ತು. ನನ್ನ ಮೊಬೈಲು ನಡುವೆ ಕೂಗಿಕೊಳ್ಳಬಹುದಿತ್ತು. ಗೇಟಿನವರು ನನ್ನ ಕೈಚೀಲ ತೆಗೆಸಿ, ಉಪ್ಪು-ಮೆಣಸಿನಕಾಯಿ ನೋಡಿ ಪೊಲೀಸರನ್ನು ಕರೆಯಬಹುದಿತ್ತು. ಇಷ್ಟನ್ನೂ ಕಾರಿನಲ್ಲಿ ಕೂತೇ ಚಿಂತಿಸಿ ಮುಗಿಸಿದ್ದೆ.

ಅಮೆರಿಕದ ಸೌತ್‌ಲೇಕ್‌ನ ಈ ಶಾಲೆಯಲ್ಲಿ ಇವತ್ತು ಅಣಕು ನ್ಯಾಯಾಲಯ. ವಸಾಹತು ಕಾಲದ ಹಳ್ಳಿಯೊಂದರಲ್ಲಿ ಮುದುಕಿ ಏನೋ ಗೊಣಗಿದಳು, ಮಕ್ಕಳಿಗೆ ಫಿಟ್ಸ್ ಬಂತು, ಊರಿಗೆ ಊರೇ ಅವಳನ್ನು ಮಾಟಗಾತಿ ಎಂದಿತು. ಅವಳ ವಕೀಲೆ ನನ್ನ ತಂಗಿಯ ಮಗಳು, ಹದಿಮೂರರ ನಿಧಿ. ಪೋಷಕರೇ ಜ್ಯೂರಿ. ಪ್ರತಿ ವರ್ಷವೂ ಮುದುಕಿಗೆ ಗಲ್ಲೇ ಆಗಿದೆಯಂತೆ.

"ಗೊಣಗಿದ್ದೇ ಸಾಕ್ಷಿ," ಎಂದು ಎದುರು ವಕೀಲ ಅಬ್ಬರಿಸಿದ. ಜ್ಯೂರಿ ತಲೆಯಾಡಿಸಿತು. ನಾನು ಹೆದರಿ, ಚೀಲದೊಳಗೆ ಕೈಯಿಟ್ಟು ಮೆಣಸಿನಕಾಯಿ ಮುರಿಯತೊಡಗಿದೆ.

ನಿಧಿ ಎದ್ದು ನೇರ ನನ್ನತ್ತ ಬೆರಳು ತೋರಿಸಿದಳು. "ಅವರು ನನ್ನ ದೊಡ್ಡಮ್ಮ," ಎಂದಳು ಇಂಗ್ಲಿಷಿನಲ್ಲಿ. "ಬೆಳಿಗ್ಗೆ ಪಾರ್ಕಿಂಗ್ ಲಾಟ್‌ನಲ್ಲಿ ನನ್ನ ಸುತ್ತ ಉಪ್ಪು, ಮೆಣಸಿನಕಾಯಿ ಮೂರು ಸಲ ತಿರುಗಿಸಿ ಏನೇನೋ ಗೊಣಗಿದರು. ನನಗೆ ಫಿಟ್ಸ್ ಬಂತಾ? ಗೊಣಗುವುದೇ ಅಪರಾಧ ಅಂದರೆ ಮೊದಲು ಅವರನ್ನು ಹಿಡಿಯಿರಿ!"

ಪಕ್ಕದಲ್ಲಿದ್ದ ಹುಬ್ಬಳ್ಳಿಯ ಅಂಕಲ್ ಹೌಹಾರಿದರು. "ಖರೇನ ಏನ್ರೀ ಅಕ್ಕಾರ?"

"ಖರೇನೇ. ದೃಷ್ಟಿ ತೆಗೆದೆ," ಎಂದೆ.

"ಹಂಗಾರ ನಮ್ಮ ಹುಡುಗಗೂ ಒಂದೀಟು ತೆಗೀರಿ. ಆ ಎದುರು ವಕೀಲ ನಮ್ಮ ಮಗನ ರೀ!"

ನಿಧಿಯ ಸವಾಲಿಗೆ ಸಭೆ ಇನ್ನೂ ನಗುತ್ತಿತ್ತು. ಜ್ಯೂರಿಯ ಹನ್ನೆರಡು ಕೈಗಳೂ ಮೇಲೆದ್ದವು: ನಿರ್ದೋಷಿ! ಮುದುಕಿಯ ಪಾತ್ರದ ಹುಡುಗಿ ಕೋಲು ಎಸೆದು ಕುಣಿದಳು. ಎಲ್ಲರೂ ನಿಂತು ಚಪ್ಪಾಳೆ ತಟ್ಟಿದರು.

ಅಷ್ಟೆಲ್ಲ ಚಿಂತಿಸಿದ್ದವಳಿಗೆ ಇದೊಂದು ಹೊಳೆದಿರಲಿಲ್ಲ. ಮೆಣಸಿನಕಾಯಿ ಮುರಿದ ಕೈಯಲ್ಲೇ ಆನಂದಬಾಷ್ಪ ಒರೆಸಿಕೊಂಡೆ.