ಕೂಗುವ ಗಾಡಿ, ಬೋರೇಗೌಡನ ಚೀಲ

ನನ್ನ ಬೈಕಿನ ಮೇಲೆ ಯಾವ ಕಳ್ಳನೂ ಆಸೆಪಡಲಾರ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾಯಿತು. ಅದರ ಸೀಟು ಹರಿದು ಸ್ಪಂಜು ಇಣುಕುತ್ತಿದೆ. ಹಾರನ್ನು ನೆಗಡಿಯಾದವರ ಹಾಗೆ ಮಾತಾಡುತ್ತದೆ. ಕಿಕ್ಕರ್ ಒದೆಯುವುದಕ್ಕೆ ಒಂದು ಲೆಕ್ಕಾಚಾರವಿದ್ದು, ಅದು ನನ್ನ ಬಲಗಾಲಿಗೆ ಬಿಟ್ಟರೆ ಬೇರಾರಿಗೂ ತಿಳಿಯದು. ಇದನ್ನು ಕದಿಯಬೇಕೆಂದವನು ಮೊದಲು ನನ್ನ ಬಳಿ ಬಂದು ಪಾಠ ಹೇಳಿಸಿಕೊಂಡು ಹೋಗಬೇಕು. ಇಂಥ ಗಾಡಿಗೆ ನಾನು ಕಳ್ಳರ ಅಲಾರಂ ಹಾಕಿಸಿದೆ. ಹಾಕಿಸಿ ಏನನ್ನು ಕಳೆದುಕೊಂಡೆ ಎಂಬುದನ್ನು ನಿಮಗೆ ಹೇಳಿಕೊಂಡರೆ ಮನಸ್ಸು ಸ್ವಲ್ಪ ಹಗುರಾದೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಕೆ.ಆರ್. ಪೇಟೆಯಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಊರು ಸಿಂಧಘಟ್ಟದ ಪಕ್ಕದ ಒಂದು ಹಳ್ಳಿ. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಒಂದು ಭಾನುವಾರ ಹೆಂಡತಿಯೊಂದಿಗೆ ಗಂಜಾಂಗೆ ಹೋಗಿ, ಹೊಳೆ ದಡದಲ್ಲಿ ಬೈಕು ನಿಲ್ಲಿಸಿ, ಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಬೈಕು ಮಾಯ. ಆ ಕಥೆಯನ್ನು ಅವರು ಸ್ಟಾಫ್ ರೂಮಿನಲ್ಲಿ ದಿನವೂ ಹೊಸ ಹೊಸ ವಿವರಗಳೊಂದಿಗೆ ಹೇಳತೊಡಗಿದರು. ಕೇಳುತ್ತ ಕೇಳುತ್ತ ನಮಗೆಲ್ಲ ನಮ್ಮ ನಮ್ಮ ಗಾಡಿಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಹೊಸದಾಗಿ ಮದುವೆಯಾದವರ ಹಾಗೆ ಪಾಠದ ನಡುವೆ ಕಿಟಕಿಯಿಂದ ಗಾಡಿಯನ್ನು ನೋಡುವುದೇ ನೋಡುವುದು. ಕೊನೆಗೆ ಶ್ರೀರಂಗಪಟ್ಟಣದಲ್ಲಿ ಇಂಥದ್ದನ್ನೆಲ್ಲ ಜೋಡಿಸಿಕೊಡುವ ನಯಾಜ್ ಎಂಬಾತನ ಅಂಗಡಿಗೆ ಹೋದೆ.

ಕಳ್ಳನನ್ನು ಹಿಡಿಯುವ ಯಂತ್ರವೆಂದರೆ ಭಾರಿ ಏನೋ ಇರಬೇಕು ಎಂದುಕೊಂಡಿದ್ದೆ. ನಯಾಜ್ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಕಪ್ಪು ಡಬ್ಬಿ ತೋರಿಸಿದ. ಅದರೊಳಗಿನ ಸೆನ್ಸರು ಇನ್ನೂ ಚಿಕ್ಕದು: ನಡುವೆ ಒಂದು ತಂತಿ, ಅದರ ಸುತ್ತ ಮುಟ್ಟಿಯೂ ಮುಟ್ಟದಂತೆ ನಿಂತ ಸಣ್ಣದೊಂದು ಸ್ಪ್ರಿಂಗು. ಗಾಡಿ ಅಲುಗಿದರೆ ಸ್ಪ್ರಿಂಗು ನಡುಗಿ ತಂತಿಗೆ ತಗಲುತ್ತದೆ, ತಗಲಿದರೆ ಸೈರನ್ನು ಕೂಗುತ್ತದೆ. ಇಷ್ಟೇ ವಿದ್ಯೆ. ನಮ್ಮ ಹೊಲದ ಬದುವಿನಲ್ಲಿರುವ ಮುಟ್ಟಿದರೆ ಮುನಿಯ ಗಿಡಕ್ಕೂ ಇಷ್ಟೇ ತಿಳಿದಿರುವುದು. ಆದರೆ ಅದು ಪಾಪ, ಮುಟ್ಟಿದರೆ ತಾನೇ ಮುದುಡಿಕೊಳ್ಳುತ್ತದೆಯೇ ಹೊರತು ಮುಟ್ಟಿದವರ ಮಾನ ಕಳೆಯುವುದಿಲ್ಲ.

“ಸೆನ್ಸಿಂಗ್ ಎಷ್ಟಿಡ್ಲಿ ಸಾರ್?” ಎಂದ ನಯಾಜ್, ಡಬ್ಬಿಯ ಬದಿಯ ತಿರುಪನ್ನು ತೋರಿಸುತ್ತ.

“ಫುಲ್ ಇಡಪ್ಪ.”

“ಫುಲ್ ಇಟ್ರೆ ಕಾಗೆ ಬಂದು ಕೂತ್ರೂ ಚಿಲ್ಲಾಯಿಸ್ತದೆ, ನೋಡಿ ಸಾಬ್.”

“ಕೂಗ್ಲಿ ಬುಡು” ಎಂದೆ. ದುಡ್ಡು ಕೊಟ್ಟ ಮೇಲೆ ಪೂರ್ತಿ ಕೂಗಿಸಿಕೊಳ್ಳಬೇಕೆಂಬ ಜಾತಿಯವನು ನಾನು. ಅವನು ಕೆಲಸ ಮುಗಿಸುವವರೆಗೆ ಕೋಟೆಯ ಗೋಡೆಯ ಕಡೆ ಅಡ್ಡಾಡಿ ಬಂದೆ. ಸುತ್ತ ಕಾವೇರಿ, ಒಳಗೆ ಕಂದಕ, ಅದರಾಚೆ ಗೋಡೆಯ ಮೇಲೆ ಗೋಡೆ. ಇಷ್ಟೆಲ್ಲ ಕಾವಲಿದ್ದ ಊರೂ ಉಳಿಯಲಿಲ್ಲವಲ್ಲ ಎಂಬ ಯೋಚನೆ ಆ ಹೊತ್ತಿಗೆ ಬರಬಹುದಿತ್ತು. ಬರಲಿಲ್ಲ. ಸೈರನ್ನಿನ ಸದ್ದು ನಮ್ಮ ಹೆಡ್‌ಮಾಸ್ತರರ ಗಾಡಿಯದಕ್ಕಿಂತ ಜೋರಾಗಿರುತ್ತದೋ ಇಲ್ಲವೋ ಎಂಬುದೊಂದೇ ಯೋಚನೆ.

ಈಗ ನಮ್ಮೂರಿನವರ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಸಂತೆಯ ದಿನ ನಮ್ಮೂರಿನ ಅರ್ಧ ಜನ ಬಸ್ಸಿನಲ್ಲಿ ಕೆ.ಆರ್. ಪೇಟೆಗೆ ಬರುತ್ತಾರೆ. ಬರುವಾಗ ಬಸ್ಸಿನಲ್ಲಿ ಕೈ ಬೀಸಿಕೊಂಡು ಬರಬಹುದು. ವಾಪಸು ಹೋಗುವಾಗ ಮಾತ್ರ ಒಂಟಿಕಾಲಲ್ಲಿ ನಿಂತು, ಟೊಮೆಟೊ ಚೀಲವನ್ನು ತಲೆಯ ಮೇಲೆ ಹಿಡಿದುಕೊಂಡು ಹೋಗಬೇಕು. ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯ ಇದು. ನಮ್ಮ ಶಾಲೆಯೆದುರಿನ ಹೊಂಗೆಮರದ ಕೆಳಗೆ ನಮ್ಮೂರಿನ ಯಾರದಾದರೂ ಗಾಡಿ ನಿಂತಿರುತ್ತದೆ. ಕೊಂಡದ್ದನ್ನು ಚೀಲಕ್ಕೆ ತುಂಬಿ, ಆ ಗಾಡಿಯ ಹ್ಯಾಂಡಲ್ಲಿಗೆ ತಗಲುಹಾಕಿ, ಅವರು ಹಾಯಾಗಿ ಬಸ್ಸು ಹತ್ತುತ್ತಾರೆ. ಕೇಳುವುದಿಲ್ಲ, ಹೇಳುವುದಿಲ್ಲ. ಗಾಡಿಯವನು ಸಾಯಂಕಾಲ ಊರಿಗೆ ಹೋದಾಗ ಯಾವ ಚೀಲ ಯಾರ ಜಗಲಿಯದೋ ಆ ಜಗಲಿಯ ಮೇಲಿಟ್ಟು ಮುಂದೆ ಹೋಗುತ್ತಾನೆ. ಚೀಲಕ್ಕೆ ಹೆಸರು ಬೇಕಿಲ್ಲ. ಹಳೇ ಪಂಚೆಯಲ್ಲಿ ಹೊಲಿದದ್ದು ಗುಡಿಬೀದಿಯ ನಿಂಗಮ್ಮನದು, ಜಿಪ್ಪು ಕಿತ್ತುಹೋದದ್ದು ಸೊಸೈಟಿಯ ಕಾವಲುಗಾರನದು. ಸಂತೆಯ ಸಂಜೆ ನನ್ನ ಬೈಕನ್ನು ಕಂಡವರು ಚೀಲದ ವ್ಯಾಪಾರಿ ಬಂದ ಎಂದೇ ತಿಳಿಯಬೇಕು, ಹಾಗಿರುತ್ತಿತ್ತು.

ಆ ಚೀಲಗಳಲ್ಲಿ ಒಂದು ಗೊಬ್ಬರದ ಮೂಟೆಯನ್ನು ಕತ್ತರಿಸಿ ಹೊಲಿದದ್ದು, ಹಿಡಿಗೆ ನೀಲಿ ಹಗ್ಗ. ಅದು ಬೋರೇಗೌಡನದು. ಬೋರೇಗೌಡ ನನ್ನ ಚಿಕ್ಕಪ್ಪನ ಮಗ, ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಎದುರು ಮನೆಯವನು. ನಮಗಿಬ್ಬರಿಗೂ ಮಾತಿಲ್ಲ. ಜಮೀನು ಪಾಲಾದಾಗ ಬದುವಿನ ಮೇಲಿನ ಒಂದು ಹಲಸಿನಮರ ಯಾರದೆಂದು ಜಗಳವಾಯಿತು. ಆಮೇಲೆ ಒಂದು ಗಾಳಿಗೆ ಆ ಮರ ಬಿದ್ದೇಹೋಯಿತು. ಜಗಳ ಮಾತ್ರ ಬೀಳಲಿಲ್ಲ. ಹಬ್ಬಕ್ಕೆ ಅವರ ಮನೆಗೆ ನಾವಿಲ್ಲ, ನಮ್ಮ ಮನೆಗೆ ಅವರಿಲ್ಲ. ಬಾಗಿಲಿಗೆ ಬಂದು ನಿಂತರೆ ಇಬ್ಬರೂ ಆಕಾಶ ನೋಡುತ್ತೇವೆ.

ಆದರೆ ಸಂತೆಯ ದಿನ ಅವನ ಚೀಲ ನನ್ನ ಹ್ಯಾಂಡಲ್ಲಿನಲ್ಲಿ ಇದ್ದೇ ಇರುತ್ತಿತ್ತು. ಮೊದಲ ಸಲ ನೋಡಿದಾಗ ಮರೆತು ತಗಲುಹಾಕಿರಬೇಕು ಎಂದುಕೊಂಡೆ. ಮುಂದಿನ ಸಂತೆಗೂ ಇತ್ತು. ನಮ್ಮೂರಿನ ಬೇರೆ ಗಾಡಿಗಳು ಪಕ್ಕದಲ್ಲೇ ನಿಂತಿದ್ದರೂ ನನ್ನದಕ್ಕೇ ಇತ್ತು. ನಾನು ಅವನ ಜಗಲಿಯ ಮೇಲೆ ಅದನ್ನಿಟ್ಟು, ಕೆಮ್ಮಿ, ತಿರುಗಿ ನೋಡದೆ ಬರುತ್ತಿದ್ದೆ. ಕೆಲವು ಸಲ ಚೀಲದ ಮೇಲುಗಡೆ, ಸೊಪ್ಪಿನ ಪಕ್ಕ, ಎರಡು ರಸಬಾಳೆ ಬಿಡಿಯಾಗಿ ಇರುತ್ತಿದ್ದವು. ತಂದವನು ತಿನ್ನಲಿ ಎಂದು ಇಟ್ಟದ್ದೋ, ಸುಮ್ಮನೆ ಇದ್ದದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಮುಟ್ಟಲಿಲ್ಲ. ಈಗ ಅನಿಸುತ್ತದೆ, ಒಂದನ್ನಾದರೂ ತಿನ್ನಬೇಕಿತ್ತು. ನಮ್ಮಿಬ್ಬರ ನಡುವೆ ಉಳಿದಿದ್ದ ದಾರಿ ಆ ಚೀಲ ಒಂದೇ.

ಅಲಾರಂ ಹಾಕಿಸಿದ ನಂತರದ ಮೊದಲ ಸಂತೆ. ನಾನು ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದೆ. ಹೊರಗೆ ಗಾಡಿ ಕಿರುಚಿಕೊಂಡಿತು. ಮಕ್ಕಳೆಲ್ಲ ಕಿಟಕಿಯ ಕಡೆ ತಿರುಗಿದರು. ನಾನು ಗತ್ತಿನಿಂದ ಜೇಬಿನ ರಿಮೋಟನ್ನು ತೆಗೆದು ಒತ್ತಿದೆ, ಸದ್ದು ನಿಂತಿತು. ಮಕ್ಕಳು ಚಪ್ಪಾಳೆ ಹೊಡೆದರು. ಸ್ವಲ್ಪ ಹೊತ್ತಿಗೆ ಮತ್ತೆ ಕಿರುಚಿತು, ಮತ್ತೆ ಒತ್ತಿದೆ. ಕಂಪನವೆಂದರೆ ಏನು, ಸರ್ಕೀಟು ಹೇಗೆ ಪೂರ್ಣವಾಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದೆ. ಅಷ್ಟು ಚೆನ್ನಾಗಿ ನಾನು ಪಾಠ ಮಾಡಿದ್ದು ಅಪರೂಪ. ಕಾಗೆಯೋ ಕೋತಿಯೋ ಇರಬೇಕೆಂದುಕೊಂಡೆ, ಕಿಟಕಿಯ ತನಕ ಹೋಗಿ ನೋಡಲೂ ಇಲ್ಲ.

ಸಂಜೆ ಬಂದರೆ ಹ್ಯಾಂಡಲ್ಲು ಬೋಳುಬೋಳು. ಮರದ ಕೆಳಗೆ ಟೀ ಮಾರುವ ಮಂಜಣ್ಣ ನನ್ನನ್ನು ಕಂಡು ಎದ್ದು ಬಂದ.

“ಏನ್ ಮೇಷ್ಟ್ರೇ, ಇಂಗಾ ಮಾಡೋದು? ಪಾಪ, ನಿಮ್ ತಮ್ಮಾವ್ರು ಚೀಲ ತಗಲಾಕಕ್ಕೆ ಓದ್ರು, ಗಾಡಿ ಬಡ್ಕಂತು ನೋಡಿ. ಸಂತೆ ಜನವೆಲ್ಲ ಬಂದು ಸುತ್ಕಂಡ್ಬುಟ್ರು.”

“ಆಮೇಲೆ?”

“ನಮ್ಮಣ್ಣನ್ ಗಾಡಿ ಕಣ್ರಯ್ಯಾ ಅಂದ್ರು. ಯಾರೋ ಒಬ್ಬ, ನಿಮ್ಮಣ್ಣನ್ ಗಾಡಿಯಾದ್ರೆ ಫೋನ್ ಮಾಡ್ಲಾ ಅತ್ಲಾಗೆ, ಬಂದು ಯೋಳ್ಲಿ ಅಂದ. ಇವ್ರು ಜೇಬಿಂದ ಫೋನ್ ತಗುದ್ರು, ಅಂಗೇ ನಿಂತ್ಕಂಡ್ರು. ನಂಬರ್ ಇಲ್ಲ ಅಂದ್ರು ಮೇಷ್ಟ್ರೇ. ಎಲ್ಲ ನಗಾಡ್ಬುಟ್ರು. ನಾನು ಓಗಿ, ಲೇ, ಅವ್ರು ನಿಜವಾಗ್ಲೂ ಅಣ್ತಮ್ಮಂದ್ರು ಕಣ್ರಲಾ ಅನ್ನೋ ಒತ್ಗೆ ಚೀಲ ಎತ್ಕಂಡು ಒಂಟೋದ್ರು.”

ನಾನು ಅಲ್ಲೇ ಗಾಡಿಗೆ ಒರಗಿ ನಿಂತೆ. ಅಷ್ಟು ವರ್ಷಗಳ ಮೇಲೆ ಅವನ ಬಾಯಲ್ಲಿ ಅಣ್ಣ ಎಂಬ ಮಾತು ಬಂದಿತ್ತು, ಅದೂ ನಡುಸಂತೆಯಲ್ಲಿ, ನೂರಾರು ಜನರೆದುರು. ಅದನ್ನು ಕೇಳಬೇಕಾದವನು ಗೋಡೆಯಾಚೆ ರಿಮೋಟು ಒತ್ತುತ್ತ ಚಪ್ಪಾಳೆ ಹೊಡೆಸಿಕೊಳ್ಳುತ್ತಿದ್ದ.

ಮಾರನೆಯ ದಿನವೇ ಶ್ರೀರಂಗಪಟ್ಟಣಕ್ಕೆ ಹೋಗಿ ಡಬ್ಬಿ ಬಿಚ್ಚಿಸಿದೆ. “ಚೆನ್ನಾಗಿ ಕೆಲ್ಸ ಮಾಡ್ತಿತ್ತಲ್ಲ ಸಾಬ್” ಎಂದು ನಯಾಜ್ ಬೇಜಾರು ಮಾಡಿಕೊಂಡ. ಚೆನ್ನಾಗಿ ಕೆಲಸ ಮಾಡಿದ್ದೇ ತೊಂದರೆಯಾಯಿತೆಂದು ಅವನಿಗೆ ಹೇಗೆ ಹೇಳಲಿ? ಊರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ “ತೆಗೆಸ್ಬುಟ್ಟೆ ಕಣಪ್ಪಾ, ಇನ್ನು ಕೂಗಲ್ಲ” ಎಂದು ಸಾರಿದೆ. ನಿಂಗಮ್ಮನ ಪಂಚೆಯ ಚೀಲ ಬಂತು, ಜಿಪ್ಪಿಲ್ಲದ ಚೀಲವೂ ಬಂತು. ಎದುರು ಮನೆಯವನಿಗೆ ಮಾತ್ರ ಹೇಳುವವರಾರು? ಹೇಳಬೇಕಾದವನು ನಾನೇ. ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ, ಅವನೂ ನಿಲ್ಲುತ್ತಿದ್ದ. ಈಗ ಅವನು ಆಕಾಶವನ್ನೂ ನೋಡುತ್ತಿರಲಿಲ್ಲ, ಒಳಗೆ ಹೋಗಿಬಿಡುತ್ತಿದ್ದ. ಒಂದೆರಡು ತಿಂಗಳಲ್ಲಿ ಒಂದು ಹಳೇ ಮೊಪೆಡ್ಡು ಕೊಂಡುತಂದ. ಗೊಬ್ಬರದ ಚೀಲ ಅದರ ಕೊಕ್ಕೆಗೆ ಹೋಯಿತು.

ಹೋದ ಸಂತೆಯ ದಿನ ಹೊಂಗೆಮರದ ಕೆಳಗೆ ಆ ಮೊಪೆಡ್ಡು ನಿಂತಿತ್ತು. ನನಗೇನು ತೋಚಿತೋ, ಬದನೆಕಾಯಿ, ಅವರೆಕಾಯಿ ತುಂಬಿದ ನನ್ನ ಚೀಲವನ್ನು ನನ್ನ ಬೈಕಿನಿಂದ ತೆಗೆದು ಅದರ ಕೊಕ್ಕೆಗೆ ಹಾಕಿದೆ. ಅದು ಕೂಗಲಿಲ್ಲ. ಅವನು ಅಂಥದ್ದೇನನ್ನೂ ಹಾಕಿಸಿರಲಿಲ್ಲ. ನಾನು ಊರಿಗೆ ಮುಂಚೆಯೇ ಹೋಗಿ ಜಗಲಿಯ ಮೇಲೆ ಪೇಪರು ಹಿಡಿದು ಕೂತೆ. ಮೊಪೆಡ್ಡಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದಾಗ ಈ ವಯಸ್ಸಿನಲ್ಲೂ ನನ್ನ ಎದೆ ಹೊಡೆದುಕೊಂಡಿತೆಂದರೆ ನಗುತ್ತೀರಿ. ಅವನು ನೇರ ತನ್ನ ಮನೆಗೆ ಹೋಗಿ ಗಾಡಿ ನಿಲ್ಲಿಸಿದ. ಕೊಕ್ಕೆಯಲ್ಲಿ ನೀಲಿ ಹಗ್ಗದ ಚೀಲ ಒಂದೇ ಇತ್ತು. ಆ ರಾತ್ರಿ ಮನೆಯಲ್ಲಿ ಬರೀ ತಿಳಿಸಾರು. ಹೆಂಡತಿ ಚೀಲವೆಲ್ಲಿ ಎಂದು ಕೇಳಿದ್ದಕ್ಕೆ ಏನೋ ಗೊಣಗಿದೆ.

ಬೆಳಿಗ್ಗೆ ಶಾಲೆಗೆ ಹೋದಾಗ ಮಂಜಣ್ಣ ಬೆಂಚಿನ ಕೆಳಗಿಂದ ಒಂದು ಚೀಲ ಎಳೆದ.

“ಇದು ನಿಮ್ದಾ ಮೇಷ್ಟ್ರೇ? ನಿಮ್ ತಮ್ಮಾವ್ರು ನೆನ್ನೆ ತಿರುಗ್ಸಿ ಮುರುಗ್ಸಿ ನೋಡುದ್ರು. ಯಾರ್ದೋ ಗೊತ್ತಾಗ್ಲಿಲ್ಲ, ಮರ್ತು ತಗಲಾಕವ್ರೆ, ಕೇಳ್ಕ ಬಂದ್ರೆ ಕೊಟ್ಬುಡು ಅಂತ ಮಡುಗ್ಬುಟ್ಟು ಓದ್ರು.”

ಯಾರದೋ ಮದುವೆಯಲ್ಲಿ ತಾಂಬೂಲಕ್ಕೆ ಕೊಟ್ಟ, ಎಲ್ಲರ ಮನೆಯಲ್ಲೂ ಇರುವಂಥ ಚೀಲ. ಅವನ ಚೀಲ ನನಗೆ ಕತ್ತಲಲ್ಲಿ ಕೈಗೆ ಸಿಕ್ಕಿದರೂ ಗೊತ್ತಾಗುತ್ತದೆ. ನನ್ನದನ್ನು ಅವನು ಹೇಗೆ ಗುರುತಿಸಿಯಾನು? ಹೊರುವವನು ನಾನು ಎಂಬ ಬಿಗುಮಾನದಲ್ಲಿ ಇಷ್ಟು ವರ್ಷ ಒಂದು ಸಲವೂ ಅವನ ಕೈಗೆ ನನ್ನ ಭಾರ ಕೊಟ್ಟಿರಲಿಲ್ಲ. ಅವರೆಕಾಯಿ ಬಾಡಿತ್ತು, ಬದನೆಕಾಯಿ ಪರವಾಗಿಲ್ಲ ಎನ್ನುವಂತಿತ್ತು. ಚೀಲವನ್ನು ಕೈಯಲ್ಲಿ ಹಿಡಿದುಕೊಂಡು ಮಂಜಣ್ಣನನ್ನು ಕೇಳಿದೆ, “ನಮ್ಮ ಬೋರನ ಫೋನ್ ನಂಬರ್ ನಿನ್ನತ್ರ ಐತೇನಪ್ಪಾ?”