ರಕ್ತ ಬಿದ್ದ ಜಾಗದಲ್ಲಿ ಜಿಂಕೆ ನಿಲ್ಲೋದಿಲ್ಲ

ಆರ್ವೊ ಕಂಟೋಲನ ಬೇಟೆ ಕ್ಯಾಂಪಿನಲ್ಲಿ ಒಂದು ಕಾನೂನಿತ್ತು. ಜಿಂಕೆ ಬಿದ್ದ ಜಾಗದಲ್ಲಿ ಅದರ ಹೊಟ್ಟೆ ಸೀಳುವಂತಿಲ್ಲ. ಎಷ್ಟೇ ಭಾರವಿರಲಿ, ಇಡಿಯಾಗಿ ಹಳ್ಳದವರೆಗೆ ಎಳೆದುಕೊಂಡು ಹೋಗಿ ಅಲ್ಲಿ ಸೀಳಬೇಕು. ರಕ್ತ ಬಿದ್ದ ಜಾಗಕ್ಕೆ ಆ ವರ್ಷ ಇನ್ನೊಂದು ಜಿಂಕೆ ಕಾಲಿಡುವುದಿಲ್ಲವೆಂದು ಅವನ ಅಪ್ಪ ಹೇಳುತ್ತಿದ್ದನಂತೆ. ಈ ಕಾನೂನು ಪಾಲಿಸಿ ಪಾಲಿಸಿ ಆರ್ವೊನ ಸೊಂಟ ಹಾಳಾಗಿತ್ತು. ಅವನ ಭಾವ ಬದುಕಿದ್ದಾಗಲೇ ಈ ಎಳೆದಾಟಕ್ಕೆ ಹೆದರಿ ಬೇಟೆಗೆ ಬರುವುದನ್ನೇ ಬಿಟ್ಟಿದ್ದ. ಕಾನೂನು ಮಾತ್ರ ಹಾಗೇ ನಿಂತಿತ್ತು.

ಅಮೆರಿಕದ ಸುಪೀರಿಯರ್ ಸರೋವರದ ದಕ್ಷಿಣ ದಂಡೆಯ ಆ ಊರಿನಲ್ಲಿ ಆರ್ವೊನ ಸಿಟ್ಟು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಒಮ್ಮೆ ಸ್ಟಾರ್ಟ್ ಆಗದ ಮರ ಕೊಯ್ಯುವ ಮಿಷನ್ನನ್ನು ಎತ್ತಿ ಕೆರೆಗೆ ಎಸೆದಿದ್ದ. ಮಾರನೆಯ ದಿನ ದೋಣಿ ಹಾಕಿಕೊಂಡು ಗಾಳ ಬಿಟ್ಟು ಅದನ್ನೇ ಹುಡುಕಿದ್ದ. ಸಿಗಲಿಲ್ಲ, ಆಮೇಲೆ ಕೆರೆಯ ಮೇಲೂ ಸಿಟ್ಟಾದ. ಕೌಂಟಿ ಸರ್ಕಾರದ, ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವುದು ಅವನ ಕೆಲಸ. ದೊಡ್ಡ ಹಿಮ ಬಿತ್ತೆಂದರೆ ರಜೆ ಗಿಜೆ ಏನೂ ಇಲ್ಲ, ಅಂದೇ ಓಡಬೇಕು. ಹಾಗಾಗಿ ನವೆಂಬರಿನಲ್ಲಿ ಬೇಟೆ ಶುರುವಾದ ದಿನದಿಂದ ಅವನ ಒಂದು ಕಣ್ಣು ಕಾಡಿನ ಮೇಲಿದ್ದರೆ ಇನ್ನೊಂದು ಆಕಾಶದ ಮೇಲೆ.

ಆ ವರ್ಷ ಅವನಿಗೆ ಬೇಕಾಗಿದ್ದುದು ಒಂದೇ ಜಿಂಕೆ. ಅದಕ್ಕೆ ಸೊಟ್ಟಕೊಂಬ ಎಂದು ಹೆಸರಿಟ್ಟಿದ್ದ. ಬಲಗಡೆಯ ಕೊಂಬು ನೆಟ್ಟಗೆ ಕವಲೊಡೆದು ಎದ್ದಿತ್ತು, ಎಡಗಡೆಯದು ಕೆನ್ನೆಯ ಪಕ್ಕ ಜೋತುಬಿದ್ದಿತ್ತು. ಹಿಂದಿನ ವರ್ಷ ಅದು ಕೈಗೆಟಕುವಷ್ಟು ಹತ್ತಿರ ಬಂದಾಗ ಆರ್ವೊನಿಗೆ ಕೆಮ್ಮು ಬಂದು ಕೆಲಸ ಕೆಟ್ಟಿತ್ತು. ಈ ಬೇಸಿಗೆಯಲ್ಲಿ ಅದು ಮತ್ತೆ ಬೇಟೆಗೆಂದು ಮರಕ್ಕೆ ಕಟ್ಟಿದ ಅವನ ಅಟ್ಟಣೆಯ ಸುತ್ತಲೇ ಮೇಯುತ್ತಿತ್ತು. ತಂತಿಬೇಲಿಯಾಚೆಯ ಲಿಯೋನ್ ಟ್ರೂಡೆಲ್ ಕೂಡ ಅದನ್ನು ನೋಡಿಬಿಟ್ಟಿದ್ದ. ಹಳೇ ಕಾರಿನ ಸೀಟೊಂದನ್ನು ಮರಕ್ಕೆ ಒರಗಿಸಿ ಕೂತು, ಸಿಗರೇಟು ಸೇದುತ್ತಾ, ಈರುಳ್ಳಿ ಕಡಿಯುತ್ತಾ ಬೇಟೆಯಾಡುವ ಮನುಷ್ಯ ಈ ಲಿಯೋನ್. ಆದರೂ ಪ್ರತಿ ವರ್ಷ ಅವನಿಗೆ ಜಿಂಕೆ ಸಿಗುತ್ತಿತ್ತು. ಆರ್ವೊನ ಹೊಟ್ಟೆಯುರಿಗೆ ಇಷ್ಟು ಸಾಕು.

ಬೇಟೆ ಶುರುವಾದ ದಿನ ಬೆಳಿಗ್ಗೆಯೆಲ್ಲ ಆರ್ವೊ ಅಟ್ಟಣೆಯ ಮೇಲೆ ಕೂತ. ಕಾಲು ಮರಗಟ್ಟಿತು. ಕ್ಯಾಂಪಿನಲ್ಲಿದ್ದ ಅಕ್ಕ ಇಂಪಿಯನ್ನು ಕರೆದು ತನ್ನ ಜಾಗದಲ್ಲಿ ಕೂರಿಸಿ, "ಸೊಟ್ಟಕೊಂಬ ಬಂದ್ರೆ ಮಾತ್ರ ಹೊಡಿ. ಬೇರೆ ಏನು ಬಂದ್ರೂ ಉಸಿರೆತ್ತಬೇಡ," ಎಂದು ಹೇಳಿ ಕ್ಯಾಂಪಿಗೆ ಕಾಫಿ ಕುಡಿಯಲು ಹೋದ. ಇಂಪಿ ಊರಿನ ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು, ಗಂಡ ತೀರಿಕೊಂಡಿದ್ದ. ತಮ್ಮನ ಕೂಗಾಟಕ್ಕೆ ಅವಳ ಕಿವಿ ಎಂದೋ ಗಟ್ಟಿಯಾಗಿತ್ತು.

ಕಾಫಿ ಬಾಯಿಗಿಡುವಷ್ಟರಲ್ಲಿ ಢಂ ಎಂದಿತು.

ಆರ್ವೊ ಲೋಟ ಬಿಟ್ಟು ಓಡಿದ. ಕಾಡಿನ ದಾರಿ ದೂರವಿತ್ತು, ಹೋಗಿ ನೋಡಿದರೆ ಅಟ್ಟಣೆಯ ಬುಡದಲ್ಲೇ ಒಂದು ಹೆಣ್ಣು ಜಿಂಕೆ ಮಲಗಿತ್ತು. ಇಂಪಿ ಅಂಗಿಯ ತೋಳು ಮಡಚಿಕೊಂಡು ಅದರ ಹೊಟ್ಟೆ ಸೀಳಿ ಮುಗಿಸಿದ್ದಳು. ಬಿಳಿ ಹಿಮದ ಮೇಲೆ ಕೆಂಪು, ಪಕ್ಕದಲ್ಲಿ ಕರುಳಿನ ಗುಡ್ಡೆ, ಅದರಿಂದ ಹಬೆ ಏಳುತ್ತಿತ್ತು.

"ಏನೇ ಇದು? ಏನು ಮಾಡ್ಬಿಟ್ಟೆ?"

"ಕುರುಡಾ? ಜಿಂಕೆ ಹೊಡ್ದೆ. ಪರ್ಮಿಟ್ ಐತೆ, ಚಳಿಗಾಲಕ್ಕೆ ಮಾಂಸ ಬೇಕು, ಬಂದು ನಿಂತ್ಕಂತು, ಹೊಡ್ದೆ."

"ಇಲ್ಲೇ ಸೀಳಿದ್ದೀಯಲ್ಲೇ! ನನ್ನ ಅಟ್ಟಣೆ ಬುಡದಲ್ಲಿ! ಇನ್ನು ಒಂದು ಮೊಲಾನೂ ಇತ್ತ ಬರಲ್ಲ! ಸೊಟ್ಟಕೊಂಬ ಸೀದಾ ಆ ಈರುಳ್ಳಿ ನನ್ಮಗನ ಕಡೆ ಹೋಗ್ತಾನೆ!"

"ಆರ್ವೊ, ಕೇಳಿಲ್ಲಿ. ಈ ಹೆಣ್ಣು..."

"ಬಾಯ್ಮುಚ್ಚು!"

"ಒಂದು ಮಾತು ಕೇಳೋ. ಈ ಹೆಣ್ಣು ಜಿಂಕೆ..."

"ಮುಚ್ಚು ಅಂದ್ನಲ್ಲ! ಅಪ್ಪನ ಕಾಲದಿಂದ ಕಾಪಾಡ್ಕಂಡು ಬಂದ ಜಾಗ ಕಣೇ ಇದು!"

ಇಂಪಿ ಬಾಯಿ ಮುಚ್ಚಿದಳು. ಚಾಕುವನ್ನು ಹಿಮದಲ್ಲಿ ಒರೆಸಿ, ಲಿವರನ್ನು ಚೀಲಕ್ಕೆ ಹಾಕಿಕೊಂಡು, ಜಿಂಕೆಗೆ ಹಗ್ಗ ಕಟ್ಟಿ ಎಳೆಯುತ್ತಾ ಕ್ಯಾಂಪಿನತ್ತ ನಡೆದಳು. ತಮ್ಮ ಕೈ ಹಾಕಲಿ ಎಂದು ತಿರುಗಿಯೂ ನೋಡಲಿಲ್ಲ.

ಆರ್ವೊ ಅಲ್ಲೇ ನಿಂತು ಹಲ್ಲು ಕಡಿದ. ಆಗ ಅವನ ತಲೆಗೆ ಒಂದು ಉಪಾಯ ಹೊಳೆಯಿತು. ರಕ್ತದ ವಾಸನೆಗೆ ಜಿಂಕೆ ಓಡುತ್ತದೆಂದರೆ ಆ ವಾಸನೆ ತನ್ನ ಕಡೆಯೇ ಯಾಕಿರಬೇಕು? ಕ್ಯಾಂಪಿನಿಂದ ಹಿಮದ ಮೇಲೆ ಸೌದೆ ಎಳೆಯುವ ಜಾರುಬಂಡಿ ತಂದ. ಕರುಳು, ಪಚ್ಚಿ, ಉಚ್ಚೆಚೀಲ ಒಂದನ್ನೂ ಬಿಡದೆ ಸಲಿಕೆಯಿಂದ ಬಾಚಿ ತುಂಬಿದ. ಕೆಂಪಾದ ಹಿಮವನ್ನೂ ಕೆರೆದು ಹಾಕಿದ. ಸೀಡರ್ ಮರಗಳ ಜೌಗಿನ ಅಂಚಿನಲ್ಲೇ ಏದುಸಿರು ಬಿಡುತ್ತಾ ಎಳೆದುಕೊಂಡು ಹೋಗಿ, ತಂತಿಬೇಲಿಯ ಈಚೆ, ಊಟಕ್ಕೆ ಹೋಗಿದ್ದ ಲಿಯೋನನ ಕಾರು ಸೀಟಿನ ಎದುರಿಗೇ ಒಂದು ಪೊದೆಯ ಹಿಂದೆ ಸುರಿದ. ಬಂಡಿಯ ತಳದಲ್ಲಿ ಬಿರುಕಿತ್ತು, ದಾರಿಯುದ್ದಕ್ಕೂ ತೊಟ್ಟಿಕ್ಕಿತ್ತು. ತೊಟ್ಟಿಕ್ಕಲಿ ಎಂದುಕೊಂಡ. ಸೊಂಟ ಹಿಡಿದುಕೊಂಡಿತು, ಆದರೂ ಆ ದಿನ ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತು.

ಸಂಜೆ ಸೌನಾ ಕೋಣೆಯ ಬಿಸಿ ಹಬೆಯಲ್ಲಿ ಸೊಂಟ ಕಾಯಿಸಿಕೊಂಡು ಬಂದವನು ಇಂಪಿ ಹುರಿದಿಟ್ಟ ಲಿವರನ್ನು ಒಂದು ಮಾತೂ ಆಡದೆ ತಿಂದ. ಮಾತಾಡದಿದ್ದರೂ ಎರಡು ಸಲ ಹಾಕಿಸಿಕೊಂಡ.

ಮಾರನೆಯ ಬೆಳಿಗ್ಗೆ ಅಟ್ಟಣೆಯ ಕಡೆ ಸುಳಿಯದೆ ಹಳ್ಳದ ಬದಿಯಲ್ಲಿ ಕೂತ. ಒಂದು ಅಳಿಲು ಬಂದು ಬೈದುಹೋಯಿತು, ಅಷ್ಟೇ. ಹೊತ್ತು ಏರುವಾಗ ಬೇಲಿಯಾಚೆ ಗುಂಡಿನ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲೇ ಲಿಯೋನನ ಕೂಗು.

"ಆರ್ವೊ! ಏ ಆರ್ವೊ! ಬಾರಯ್ಯಾ ಇಲ್ಲಿ!"

ಜಿಂಕೆ ಬಿದ್ದು ಕೂಗು ಹಾಕಿದರೆ ಎಂಥ ಜಗಳವಿದ್ದರೂ ಹೋಗಿ ಹಗ್ಗ ಹಿಡಿಯಬೇಕು, ಆ ಕಾಡಿನಲ್ಲಿ ಇದಕ್ಕೆ ತಪ್ಪಿದವರಿಲ್ಲ. ಆರ್ವೊ ಹೋದ. ಬೇಲಿ ದಾಟುವ ಮೊದಲೇ ಜೋತುಬಿದ್ದ ಕೊಂಬು ಕಂಡಿತು.

"ನೋಡಯ್ಯಾ, ನಿನ್ನ ಸೊಟ್ಟಕೊಂಬ!" ಲಿಯೋನ್ ಸಿಗರೇಟು ಹಿಡಿದೇ ಕುಣಿಯುತ್ತಿದ್ದ. "ನನ್ನ ಜನ್ಮದಲ್ಲಿ ಇಂಥದ್ದು ನೋಡಿಲ್ಲ. ನಾಯಿ ಥರ ನೆಲಕ್ಕೆ ಮೂಗು ಹಚ್ಕಂಡು ಸೀದಾ ಬಂತು! ಕೆಮ್ಮಿದೆ, ತಲೇನೂ ಎತ್ತಲಿಲ್ಲ!"

ಆರ್ವೊ ಹಗ್ಗ ಹಿಡಿದು ಎಳೆದ. ಎಳೆಯುತ್ತಲೇ ಅವನ ಕಣ್ಣು ಹಿಮದ ಮೇಲೆ ಓಡಿತು. ದೊಡ್ಡ ಗೊರಸಿನ ಗುರುತುಗಳು ಬೇಲಿಯ ಈಚೆಯಿಂದ ಬಂದಿದ್ದವು. ಜಾರುಬಂಡಿಯ ಗೆರೆಯ ಮೇಲೆ, ನೂಲು ಹಿಡಿದ ಹಾಗೆ.

ಲಿಯೋನನ ಜಿಂಕೆಯನ್ನು ಅವನ ಮನೆಗೆ ಮುಟ್ಟಿಸಿ ವಾಪಸು ಬಂದು ಆ ಹೆಜ್ಜೆಗಳನ್ನು ಹಿಂದಕ್ಕೆ ಹಿಂದಕ್ಕೆ ಓದಿಕೊಂಡು ಹೋದ. ಅವು ಅವನ ಅಟ್ಟಣೆಯ ಬುಡಕ್ಕೇ ಮುಟ್ಟಿದವು. ಸೊಟ್ಟಕೊಂಬ ಜೌಗಿನಿಂದ ಎದ್ದು ಮೊದಲು ಬಂದದ್ದೇ ರಕ್ತ ಬಿದ್ದ ಜಾಗಕ್ಕೆ. ಅಲ್ಲಿ ನಿಂತು, ಸುತ್ತು ಹಾಕಿ, ಕಾಲಲ್ಲಿ ಕೆರೆದು, ನೆಲ ಕೆಸರಾಗುವಷ್ಟು ಹೊತ್ತು ಕಾದಿತ್ತು. ಅಟ್ಟಣೆಯ ಮೇಲೆ ಕೂತು ಕಣ್ಣು ಮುಚ್ಚಿ ಹೊಡೆದರೂ ಗುರಿ ತಪ್ಪುತ್ತಿರಲಿಲ್ಲ.

ಇಂಪಿ ಸೌದೆಗೆ ಬಂದವಳು ಅವನ ಪಕ್ಕ ನಿಂತು ನೆಲ ನೋಡಿದಳು.

"ಆ ಹೆಣ್ಣು ಬೆದೆಗೆ ಬಂದಿತ್ತು ಕಣೋ. ಹಿಂಗಾಲು ಮೂಸಿದ್ರೇ ಗೊತ್ತಾಗ್ತಿತ್ತು. ಅವನು ಹಿಂದೇನೇ ಬರ್ತಾನೆ, ಇಲ್ಲೇ ಕೂತ್ಕೋ ಅಂತ ಹೇಳೋಕೆ ಬಾಯಿ ತೆಗೆದ್ರೆ, ಮುಚ್ಚು ಮುಚ್ಚು ಅಂತ ಕಿರುಚಿದೆ."

"ರಕ್ತ ಇತ್ತಲ್ಲೇ!"

"ಬೆದೆ ವಾಸನೆ ಹತ್ತಿದ ಗಂಡಿಗೆ ರಕ್ತ ಎಲ್ಲಿ ಕಾಣುತ್ತೆ? ನೀನೋ, ಆ ವಾಸನೆ ಇರೋ ಉಚ್ಚೆಚೀಲಾನೂ ತುಂಬ್ಕಂಡು, ತೊಟ್ಟಿಕ್ಕಿಸ್ಕಂಡು, ಲಿಯೋನನ ಕಾಲ ಬುಡದವರೆಗೂ ದಾರಿ ಹಾಕಿಕೊಟ್ಟೆ. ದುಡ್ಡು ಕೊಟ್ರೂ ಯಾರೂ ಇಷ್ಟು ಚೆನ್ನಾಗಿ ಹಾಕಿಕೊಡಲ್ಲ."

"ಅಪ್ಪ ಹೇಳಿದ್ದು?"

"ಅಪ್ಪನಿಗೆ ಕೈ ತೊಳೆಯೋಕೆ ಹಳ್ಳದ ನೀರು ಬೇಕಿತ್ತು, ಅದಕ್ಕೆ ಅಲ್ಲಿಗೆ ಎಳೆಸ್ತಿದ್ದ. ರಕ್ತದ ಕಥೆ ಹೇಳದಿದ್ರೆ ಸೋಮಾರಿ ನೀನು ಎಳೀತಿದ್ಯಾ?"

ಆರ್ವೊ ಜಾರುಬಂಡಿಯನ್ನು ಒದ್ದ. ಬಂಡಿಗೆ ಏನೂ ಆಗಲಿಲ್ಲ, ಹೆಬ್ಬೆರಳು ಊದಿತು.

ಆ ರಾತ್ರಿಯೇ ಸರೋವರದ ಕಡೆಯಿಂದ ದೊಡ್ಡ ಹಿಮ ಬಂತು. ಬೆಳಕು ಹರಿಯುವ ಹೊತ್ತಿಗೆ ಆರ್ವೊ ಕುಂಟುತ್ತಾ ಲಾರಿ ಹತ್ತಿದ್ದ. ಅವನ ಬೇಟೆ ಮುಗಿದಿತ್ತು. ಲಿಯೋನನ ಮನೆಯ ಮುಂದೆ ಸೊಟ್ಟಕೊಂಬ ಮರಕ್ಕೆ ನೇತಾಡುತ್ತಿತ್ತು. ನೋಡಬಾರದೆಂದು ಕತ್ತು ತಿರುಗಿಸುವಷ್ಟರಲ್ಲಿ ಲಿಯೋನ್ ರಸ್ತೆಗೇ ಬಂದು, ಕಾಗದದಲ್ಲಿ ಸುತ್ತಿದ ಮಾಂಸ ಹಿಡಿದು, ಕೈಯಡ್ಡ ಹಾಕಿದ. ಲಾರಿ ನಿಲ್ಲಿಸದೆ ವಿಧಿಯಿರಲಿಲ್ಲ.

"ತಗಳಯ್ಯಾ, ಬೆನ್ನಿನ ಮೆತ್ತನೆ ಮಾಂಸ, ನಿನ್ನ ಪಾಲು. ನಿನಗೊಂದು ಮಾತು ಹೇಳ್ಬೇಕು. ಇಷ್ಟು ವರ್ಷ ನಿನ್ನ ರಕ್ತದ ಕಥೆ ಕೇಳಿ ನಗಾಡಿದ್ದೆ. ಈಗ ಒಪ್ಪಿದೆ. ಇಂಪಿ ನಿನ್ನ ಜಾಗದಲ್ಲಿ ರಕ್ತ ಬೀಳಿಸಿದ್ಲಂತೆ, ಇದು ದಿಕ್ಕೆಟ್ಟು ನನ್ನ ಹತ್ರ ಓಡಿಬಂತು. ನಿಮ್ಮಪ್ಪ ಹೇಳಿದ್ದೇ ಸರಿ. ಊರಿಗೆಲ್ಲ ಹೇಳಿದ್ದೀನಿ, ಆರ್ವೊನೇ ಸರಿ ಅಂತ!"

ಜನ್ಮದಲ್ಲಿ ಒಬ್ಬನಾದರೂ ಹಾಗೆ ಹೇಳಲಿ ಎಂದು ಆರ್ವೊ ಕಾದಿದ್ದ. ಅಲ್ಲ ಎನ್ನಬೇಕಾದರೆ ಜಾರುಬಂಡಿಯ ಕಥೆ ಹೇಳಬೇಕು. ಹೌದೆನ್ನಲು ನಾಲಿಗೆ ಏಳದು. ಅವನ ಮುಖ ಬೀಟ್‌ರೂಟಿನಂತಾಯಿತು.

"ನಿನ್ನ ತಲೆ!" ಎಂದು ಕಿರುಚಿ ಮಾಂಸ ಕಿತ್ತುಕೊಂಡ, ಗೇರು ಹಾಕಿದ, ಲಾರಿಯ ಮುಂದಿನ ಅಲಗನ್ನು ಇಳಿಸಿದ. ಎದೆಯೆತ್ತರದ ಹಿಮದ ದಿಬ್ಬ ಲಿಯೋನನ ಗೇಟಿಗೆ ಅಡ್ಡಲಾಗಿ ಬಿತ್ತು.

"ಏ! ನಾನು ಒಪ್ಪಿದೀನಿ ಅಂದ್ನಲ್ಲಯ್ಯಾ!" ಎಂದು ಹಿಂದಿನಿಂದ ಲಿಯೋನ್ ಕೂಗುತ್ತಲೇ ಇದ್ದ.